ತುರಚಿ ಸೊಪ್ಪು, ಲೋಳೆಮೀನು ಮತ್ತು ನಮ್ಮ ಜಿಲ್ಲೆ

ಅಕಲೆಫ್ ಅಂತ ಒಂದು ಪದ ಇತ್ತು. ಈಗ ಹಳೇ ಡಿಕ್ಷನರಿಗಳಲ್ಲಿ ಬಿಟ್ಟರೆ ಎಲ್ಲೂ ಸಿಗಲ್ಲ. ಜೆಲ್ಲಿಫಿಶ್ ಅಂತೀವಲ್ಲ, ಆ ಲೋಳೆಮೀನು ಮತ್ತದರ ನೆಂಟರಿಗೆ ಪ್ರಾಣಿಶಾಸ್ತ್ರಜ್ಞರು ಇಟ್ಟಿದ್ದ ಹೆಸರು. ಮೂಲ ಗ್ರೀಕ್, ಅರ್ಥ ತುರಿಕೆ ಗಿಡ. ಗುಡ್ಡ-ಹೊಲ ಅಡ್ಡಾಡುವಾಗ ತುರಚಿ ಸೊಪ್ಪು ಕಾಲಿಗೆ ಸವರಿಸಿಕೊಂಡವರಿಗೆ ಬೇರೆ ವಿವರಣೆ ಬೇಡ :-)

ಹೊಸಪೇಟೆಯವರಿಗೆ ಸಮುದ್ರ ಅಂದ್ರೆ ಡ್ಯಾಮಿನ ಹಿನ್ನೀರು. ನನಗೇಕೆ ಈ ಉಸಾಬರಿ ಅಂದ್ರಾ? ಕಂಪ್ಲಿಯಲ್ಲಿರೋ ಅಕ್ಕನ ಮಗಳು ಪಿಯುಸಿ ಮೊದಲ ವರ್ಷ. ನಮ್ಮ ಮನೆತನದಲ್ಲಿ ಬಯಾಲಜಿ ತಗೊಂಡವಳು ಇವಳೇ ಮೊದಲು. ಡಾಕ್ಟರ್ ಆಗ್ಬೇಕು ಅಂತ ಹಟ. "ಮಾಮ, ಪುಸ್ತಕದಾಗ ಸೀಲೆಂಟರೇಟ ಅಂತ ಬರ್ದು, ಪಕ್ಕದಾಗ ನಿಡೇರಿಯ ಅಂತನೂ ಬರ್ದಾರ. ಯಾವ್ದು ಖರೆ?" ಅಂತ ಫೋನ್ ಮಾಡಿದ್ಲು. ಹುಡುಕ್ತಾ ಹೋದೆ.

1817ರಲ್ಲಿ ಫ್ರಾನ್ಸಿನ ಕುವಿಯೇ ಲೋಳೆಮೀನುಗಳನ್ನೆಲ್ಲ ಅಕಲೆಫ್ ಅನ್ನೋ ಒಂದು ಗುಂಪಿಗೆ ಹಾಕಿದ. ಬಂಡೆಗೆ ಅಂಟಿಕೊಂಡಿರೋ ಪಾಲಿಪ್‌ಗಳದು ಬೇರೆ ಗುಂಪು. ಆಮೇಲೆ 1830ರ ದಶಕದಲ್ಲಿ ನಾರ್ವೆಯ ಮೈಕೆಲ್ ಸಾರ್ಸ್ ನೋಡ್ತಾನೆ, ಅಂಟಿಕೊಂಡಿದ್ದ ಪಾಲಿಪ್ಪೇ ಬಿಲ್ಲೆ ಬಿಲ್ಲೆಯಾಗಿ ಕಳಚಿ ಲೋಳೆಮೀನಾಗಿ ತೇಲಿಹೋಗ್ತಿದೆ! ಎರಡು ಅಂದುಕೊಂಡಿದ್ದು ಒಂದೇ ಪ್ರಾಣಿಯ ಎರಡು ಅವಸ್ಥೆ. 1847ರಲ್ಲಿ ಲ್ಯೂಕಾರ್ಟ್ ಸೀಲೆಂಟರೇಟ ಅಂದ, ಅಂದ್ರೆ ಟೊಳ್ಳು ಕರುಳಿನವು. 1888ರಲ್ಲಿ ಹಾಟ್ಷೆಕ್ ಕುಟುಕೋ ಕಣ ಇರುವವನ್ನ ನಿಡೇರಿಯ ಅಂತ ಬೇರೆ ಮಾಡಿದ. ನೋಡೋಕೆ ಲೋಳೆಮೀನಿನ ಹಾಗೇ ಇರೋ ಟಿನೊಫೋರ ಇನ್ನೊಂದು ವಂಶಕ್ಕೆ ಹೋಯ್ತು. "ನಿಡೇರಿಯ ಈಗಿನ ಹೆಸರು, ಆದ್ರೆ ಎರಡೂ ನೆನಪಿಟ್ಕೋ" ಅಂದೆ.

ಇದನ್ನ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. "ಅಂದ್ರ ನಮ್ ಜಿಲ್ಲಾ ಒಡದಂಗ" ಅಂದ್ರು. ಹೌದಲ್ವಾ! ಹಾಸ್ಪೆಟ್ 2014ರಲ್ಲಿ ಅಧಿಕೃತವಾಗಿ ಹೊಸಪೇಟೆ ಆಯ್ತು. 2021ರಲ್ಲಿ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಬಂದ್ವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದ್ವು. ಅಕ್ಕ ಒಂದು ಜಿಲ್ಲೆ, ನಾವೊಂದು. ಲೋಳೆಮೀನಿನ ವಿಷಯದಲ್ಲಿ ಹೆಸರು ಬದಲಾಗಿದ್ದು ಪ್ರಾಣಿಯನ್ನ ಇನ್ನೂ ಚೆನ್ನಾಗಿ ನೋಡಿದ್ದಕ್ಕೆ. ನಮ್ಮದು ಆಡಳಿತದ ಅನುಕೂಲಕ್ಕೆ. ವ್ಯತ್ಯಾಸ ಅಷ್ಟೇ.

ಇನ್ನೊಂದು ಮಾತು. ಲೋಳೆಮೀನು ಅಂದ್ರೆ ಸಮುದ್ರದ್ದೇ ಅಂತ ನಾನೂ ತಿಳಿದಿದ್ದೆ. 1911-12ರಲ್ಲಿ ನೆಲ್ಸನ್ ಆನಂಡೇಲ್ ವರ್ಣಿಸಿದ ಲಿಮ್ನೊಕ್ನೈಡ ಇಂಡಿಕ ಅನ್ನೋ ಪುಟಾಣಿ ಸಿಕ್ಕಿದ್ದು ಸಿಹಿನೀರಲ್ಲಿ, ಸಾತಾರಾ ಕಡೆ ಕೃಷ್ಣೆಯ ಉಪನದಿಯಲ್ಲಿ. ನಮ್ಮ ತುಂಗಭದ್ರೆ ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲಾ ದಾಟಿ ಕೊನೆಗೆ ಸೇರೋದೂ ಅದೇ ಕೃಷ್ಣೆಯನ್ನ. ನೀರಿಗೆ ಜಿಲ್ಲೆ ಗೊತ್ತಿಲ್ಲ.