ಮಡಚಿದ ಮೇಲೆ ಕೀಲಿಮಣೆ ಎಲ್ಲಿ?

ಪರದೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಹಲಗೆಯಂತೆ ಹಿಡಿಯಬಹುದಾದ ಹಳೆಯ ಲ್ಯಾಪ್‌ಟಾಪೊಂದು ಈಚೆಗೆ ಪುಣೆಯ ನಮ್ಮ ಬಳಗಕ್ಕೆ ದಾನವಾಗಿ ಬಂದಿತು. ಸ್ಪರ್ಶಪರದೆ ಚೆನ್ನಾಗಿತ್ತು, ಜೊತೆಗೊಂದು ಪೆನ್ನೂ ಇತ್ತು. ಆದರೆ ಒಳಗಿನ ಪ್ರೊಸೆಸರ್ ಇಂಟೆಲ್‌ನ ಏಳನೆಯ ತಲೆಮಾರಿನದು. ವಿಂಡೋಸ್ 11ರ ಅಧಿಕೃತ ಪಟ್ಟಿ ಬಹುಮಟ್ಟಿಗೆ ಎಂಟನೆಯ ತಲೆಮಾರಿನಿಂದ ಆರಂಭವಾಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೋ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಭದ್ರತಾ ಪರಿಷ್ಕರಣೆಗಳನ್ನು ಇನ್ನೊಂದು ವರ್ಷ ಪಡೆಯುವ ದಾರಿಯಿದ್ದರೂ ಅದು ಮುಂದೂಡಿಕೆಯೇ ಹೊರತು ಪರಿಹಾರವಲ್ಲ.

ನಮಗೆ ಯಂತ್ರ ಬೇಕಾಗಿದ್ದುದು ಒಂದೇ ಕೆಲಸಕ್ಕೆ. ವಾರ್ಷಿಕ ಸಂಚಿಕೆಯ ಕರಡು ತಿದ್ದುವ ನಮ್ಮ ಮೇಷ್ಟ್ರಿಗೆ ಎಂಬತ್ತು ದಾಟಿದೆ. ಬೆರಳು ನಡುಗುವುದರಿಂದ ಒಂದು ಕೀಲಿ ಒತ್ತಿದರೆ ಎರಡು ಅಕ್ಷರ ಬೀಳುತ್ತವೆ. ಪೆನ್ನು ಹಿಡಿದರೆ ಮಾತ್ರ ಕೈ ಹೇಗೋ ಹದಕ್ಕೆ ಬರುತ್ತದೆ. ಮುದ್ರಿಸಿದ ಹಾಳೆಗಳನ್ನು ನಿಗಡಿಯಿಂದ ಕೋಥರೂಡಿಗೆ ಹೊತ್ತು ತರುವವರು ಸಿಗದೆ, “ಈ ವರ್ಷ ನನ್ನನ್ನು ಬಿಟ್ಟುಬಿಡಿ” ಎಂದಿದ್ದರು ಅವರು. ಹಳಗನ್ನಡದ ಉಲ್ಲೇಖದಲ್ಲಿ ಒಂದು ದೀರ್ಘ ತಪ್ಪಿದರೂ ಹಿಡಿಯುವ ಕಣ್ಣು ಬಳಗದಲ್ಲಿ ಇನ್ನೊಂದಿಲ್ಲ.

ಕ್ರೋಮ್ ಓಎಸ್ ಫ್ಲೆಕ್ಸ್ ಹಳೆಯ ಯಂತ್ರಗಳಿಗೆಂದೇ ಉಚಿತವಾಗಿ ಸಿಗುತ್ತದೆ. ಆದರೆ ಫೋನಿನ ಆಂಡ್ರಾಯ್ಡ್ ಆ್ಯಪ್‌ಗಳು ಅದರಲ್ಲಿ ನಡೆಯುವುದಿಲ್ಲ. ಮೇಷ್ಟ್ರ ಮನೆಯಲ್ಲಿ ಇಂಟರ್‌ನೆಟ್ಟೂ ಇಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು.

ಉಳಿದದ್ದು ಲಿನಕ್ಸ್. ಉಬುಂಟು, ಫೆಡೋರಾ ಮೊದಲಾದವನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಒಳಗಿರುವ ಯಾವುದನ್ನೂ ಅಳಿಸಬೇಕಾಗಿಲ್ಲ. ಇಂಥ ಯಂತ್ರ ಉಳ್ಳವರೆಲ್ಲರೂ ಮೊದಲು ಮಾಡಬೇಕಾದದ್ದು ಇದನ್ನೇ ಎಂದು ನಮ್ಮ ಅಭಿಪ್ರಾಯ. ಅವುಗಳಲ್ಲೊಂದನ್ನು ಆರಿಸಿ ಒಂದು ಭಾನುವಾರವಿಡೀ ಪರೀಕ್ಷಿಸಿದೆವು. ಯಂತ್ರವನ್ನು ಲಂಬವಾಗಿ ಹಿಡಿದರೆ ಪುಟವೂ ತಿರುಗಿತು. ಪೆನ್ನು ಹತ್ತಿರ ಬಂದಾಗ ಪರದೆ ಅಂಗೈಯ ಸ್ಪರ್ಶವನ್ನು ಗಣಿಸಲಿಲ್ಲ. ಕೈಯೂರಿ ಬರೆಯುವವರಿಗೆ ಇದಿಲ್ಲದೆ ಉಳಿದ ಯಾವ ಸೌಕರ್ಯವೂ ವ್ಯರ್ಥ. ನುಡಿಯಲ್ಲಿ ರೂಢಿಯಾಗಿರುವ ಕೀಲಿ ವಿನ್ಯಾಸವೂ ಐಬಸ್ ಮೂಲಕ ದೊರೆಯಿತು.

ಆದರೆ ಲ್ಯಾಪ್‌ಟಾಪನ್ನು ಮಡಚಿದ ಕೂಡಲೇ ನಿಜವಾದ ಕೀಲಿಮಣೆ ಬೆನ್ನ ಹಿಂದೆ ಹೋಗುತ್ತದೆ. ಆಗ ಪರದೆಯ ಮೇಲೆ ಮೂಡಿದ ಕೀಲಿಮಣೆಯಲ್ಲಿ ಇಂಗ್ಲಿಷ್ ಮಾತ್ರವಿತ್ತು. ಈ ಒಂದು ವಿಷಯದಲ್ಲಿ ವಿಂಡೋಸೇ ಮೇಲೆಂದು ಒಪ್ಪಬೇಕು. 2019ರಿಂದಲೇ ಅದರಲ್ಲಿ ಕನ್ನಡದ ಧ್ವನ್ಯಾತ್ಮಕ ಕೀಲಿಮಣೆಯಿದೆ. ಪರಭಾಷೆಯವರು ಬರೆದ ವಿಮರ್ಶೆಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ವೇಗ, ಬ್ಯಾಟರಿ, ಅಂದ ಎಲ್ಲವನ್ನೂ ತೂಗುತ್ತಾರೆ. ಮಡಚಿದ ಯಂತ್ರದಲ್ಲಿ ‘ಕ್ಷ’ ಎಂದು ಬರೆಯುವುದು ಹೇಗೆಂದು ಯಾರು ಕೇಳಬೇಕು?

ನಮ್ಮನ್ನು ಪಾರುಮಾಡಿದ್ದು ಮೇಷ್ಟ್ರ ಕೆಲಸದ ಸ್ವರೂಪವೇ. ಕರಡು ತಿದ್ದಲು ಕೀಲಿಮಣೆ ಬೇಡ. ಕ್ಸೋರ್ನಲ್ ಪ್ಲಸ್ ಪ್ಲಸ್ ಎಂಬ ಉಚಿತ ತಂತ್ರಾಂಶದಲ್ಲಿ ಪಿಡಿಎಫ್ ತೆರೆದು, ಅದರ ಮೇಲೆಯೇ ಕೆಂಪು ಗೀರೆಳೆದು, ಅಂಚಿನಲ್ಲಿ ಬರೆದು ಉಳಿಸಬಹುದು. ವ್ಯಾಸಪೀಠದ ಮೇಲೆ ಒರಗಿಸಿಕೊಟ್ಟೆವು. ಅರ್ಧ ಗಂಟೆ ಮಾತಿಲ್ಲದೆ ತಿದ್ದಿದ ಮೇಲೆ, “ಇದರಲ್ಲಿ ಅಕ್ಷರ ದೊಡ್ಡದಾಗುತ್ತದಲ್ಲ, ಮೊದಲೇ ಯಾಕೆ ಹೇಳಲಿಲ್ಲ?” ಎಂದು ಗದರಿದರು.

ಹೀಗೆ ಲಿನಕ್ಸ್ ನೆಲೆಗೊಂಡಿತು. ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿರುವ ಸಂಚಿಕೆಗಳ ಕಡತಗಳು ಮಾತ್ರ ಇದರಲ್ಲಿ ಲ್ಯಾಟಿನ್ ಅಕ್ಷರಗಳ ಗೊಜ್ಜಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸುತ್ತಿದ್ದೇವೆ. ಅರ್ಕಾವತ್ತು ಹಳೆಯ ಕ್ರಮದಲ್ಲಿ ಅಕ್ಷರದ ನಂತರ, ಯೂನಿಕೋಡ್‌ನಲ್ಲಿ ಮೊದಲು. ಆದ್ದರಿಂದ ‘ಸೂರ್ಯ’, ‘ಧರ್ಮ’ಗಳನ್ನು ಕಣ್ಣಿಟ್ಟು ನೋಡಲೇಬೇಕು. ಮೂವರು ಹಂಚಿಕೊಂಡಿದ್ದೇವೆ, ಸದ್ಯ 2009ರ ಸಂಚಿಕೆ ನಡೆಯುತ್ತಿದೆ.