ದೀಪಗಳ ಪಾಲುಪಟ್ಟಿ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಸೂರಿಗೆ ಹೋಗುತ್ತದೆ. ದೀಪ ಎಲ್ಲಿದೆ, ಸ್ವಿಚ್ಚು ಎಷ್ಟಿವೆ, ಯಾರ ಮುಖದ ಮೇಲೆ ನೆರಳು ಬಿದ್ದಿದೆ ಎಂದು ನೋಡುತ್ತ ಕೊಟ್ಟ ಕಾಫಿಯನ್ನು ಆರಿಸಿಬಿಡುವುದು ನನ್ನ ಚಾಳಿ. ಕೆಜಿಎಫ್‌ನವನಿಗೆ ಈ ಹುಚ್ಚು ಸಲ್ಲುತ್ತದೆ ಬಿಡಿ. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು 1902ರಲ್ಲಿ ನಮ್ಮ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿಗಳು 1905ರವರೆಗೆ ಕಾಯಬೇಕಾಯಿತು. ಆದರೆ ಅದು ಬಂದದ್ದು ಯಂತ್ರ ತಿರುಗಿಸಲು, ಊಟದ ಮೇಜು ಬೆಳಗಲು ಅಲ್ಲ. ಆ ಬಾಕಿಯನ್ನು ನಾನು ತೀರಿಸುತ್ತಿದ್ದೇನೆ.

ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯಲ್ಲಿ ಊಟಕ್ಕಿರುವುದು ಎಂಟಡಿ-ಒಂಬತ್ತಡಿ ಜಾಗ. ಅಲ್ಲಿ ಶಾಂಡ್ಲಿಯರ್ ತೂಗಬೇಕೆಂದಾಗ ಎಲೆಕ್ಟ್ರಿಷಿಯನ್ ನಕ್ಕ: “ಇದೇನ್ ಸಾರ್, ಕಲ್ಯಾಣ ಮಂಟಪಾನಾ?”

ಶಾಂಡ್ಲಿಯರ್ ಒಂದನ್ನೇ ನೆಚ್ಚಿದರೆ ಬಲ್ಬು ಕಣ್ಣಿಗೆ ಚುಚ್ಚುತ್ತದೆ, ಮೂಲೆಗಳು ಕಪ್ಪಾಗುತ್ತವೆ. ಸೂರಿನೊಳಗೆ ಹುದುಗಿಸಿದ ಡೌನ್‌ಲೈಟುಗಳಷ್ಟೇ ಇದ್ದರೆ ಕೂತವರ ಕಣ್ಣಡಿಯಲ್ಲೆಲ್ಲ ನೆರಳು. ಅದಕ್ಕೇ ಪಾಲು ಮಾಡಿದೆ: ಮೇಜು, ಮುಖ ಶಾಂಡ್ಲಿಯರಿಗೆ, ಗೋಡೆಗಳು ಡೌನ್‌ಲೈಟಿಗೆ. ಗೋಡೆಯಿಂದ ಒಂದೂವರೆ ಅಡಿ ಈಚೆಗೆ ಐದೈದು ವಾಟಿನ ನಾಲ್ಕು ಕೂತವು. ಗೋಡೆ ಬೆಳಗಿದರೆ ಪುಟ್ಟ ಕೋಣೆಯೂ ಹಿಗ್ಗಿದಂತೆ ಕಾಣುತ್ತದೆ. ಮೂರಡಿ ಅಗಲದ ಮೇಜಿಗೆ ಇಪ್ಪತ್ತು ಇಂಚಿನ ಶಾಂಡ್ಲಿಯರ್ ಸಾಕು. ಅದರ ತಳಕ್ಕೂ ಮೇಜಿಗೂ 30ರಿಂದ 36 ಇಂಚು ಅಂತರವಿದ್ದರೆ ಎದುರಿನವರ ಮುಖ ಮರೆಯಾಗದು. ಎಲ್ಲ ಬಲ್ಬೂ 2700 ಕೆಲ್ವಿನ್‌ನ ಬೆಚ್ಚನೆಯ ಬಣ್ಣದವು. ಆಸ್ಪತ್ರೆಯ ಬಿಳುಪಿನಲ್ಲಿ ರಾಗಿಮುದ್ದೆಯ ಬಣ್ಣವೇ ಸತ್ತುಹೋಗುತ್ತದೆ.

ತಕರಾರು ತೆಗೆದದ್ದು ಫ್ಯಾನು. ನಡುಸೂರಿನ ಕೊಕ್ಕೆ ಅದರ ಪಿತ್ರಾರ್ಜಿತ. ಆದರೆ ತಿರುಗುವ ರೆಕ್ಕೆ ಡೌನ್‌ಲೈಟಿನ ಬೆಳಕನ್ನು ಕತ್ತರಿಸಿದರೆ ತಟ್ಟೆಯೇ ಮಿಣುಕುತ್ತದೆ. ಫ್ಯಾನನ್ನು ಗೋಡೆಗೆ ಒಪ್ಪಿಸಿ, ಕೊಕ್ಕೆಯನ್ನು ಶಾಂಡ್ಲಿಯರಿಗೆ ಬರೆದುಕೊಟ್ಟೆ. ಎರಡು ಬಗೆಯ ದೀಪಕ್ಕೂ ಬೇರೆ ಬೇರೆ ಸ್ವಿಚ್ಚು; ಶಾಂಡ್ಲಿಯರಿಗೆ ಡಿಮ್ಮರ್, ಅದಕ್ಕೆ ಒಗ್ಗುವ ಎಲ್‌ಇಡಿ.

“ರೀ, ಇಷ್ಟು ಜಾಗಕ್ಕೆ ಇಷ್ಟೊಂದು ಲೈಟಾ?” ಎಂದಳು ಹೆಂಡತಿ. ಡೌನ್‌ಲೈಟು ನಾಲ್ಕೂ ಸೇರಿ ಇಪ್ಪತ್ತು ವಾಟ್, ನಾಲ್ಕು ವಾಟಿನ ಐದು ಬಲ್ಬಿನ ಶಾಂಡ್ಲಿಯರ್ ಇನ್ನಿಪ್ಪತ್ತು. ಹಳೆಯ ಟ್ಯೂಬ್‌ಲೈಟ್ ಒಂದೇ ಅಷ್ಟು ನುಂಗುತ್ತಿತ್ತು ಎಂದು ಲೆಕ್ಕ ಒಪ್ಪಿಸಿದೆ.

ಮಕ್ಕಳು ಓದುವಾಗ ಎಲ್ಲವೂ ಉರಿಯುತ್ತವೆ. ರಾತ್ರಿಯ ಊಟಕ್ಕೆ ಶಾಂಡ್ಲಿಯರನ್ನು ಅರ್ಧಕ್ಕೆ ಇಳಿಸುತ್ತೇನೆ. ಬಸ್ಸಾರಿನ ಕೆಂಪು, ಸೊಪ್ಪಿನ ಹಸಿರು ಎಲ್ಲ ಎದ್ದು ಕಾಣುತ್ತವೆ. ಬಂಗಾರಪೇಟೆಯಿಂದ ಪಾನಿಪುರಿ ಬಂದ ಸಂಜೆ ಮಾತ್ರ ನನ್ನ ವಿದ್ಯೆ ನಡೆಯುವುದಿಲ್ಲ. ಅದರ ಪಾನಿ ಬಣ್ಣವೇ ಇಲ್ಲದ ತಿಳಿನೀರು. ಖಾರ ಎಷ್ಟಿದೆಯೆಂದು ಯಾವ ದೀಪವೂ ತೋರಿಸದು, ನಾಲಗೆಯೇ ಹೇಳಬೇಕು.