ನ್ಯೂ ಲಿನ್‌ನ ಜೇಡಿಮಣ್ಣಿನ ಪಾಠ

ಊಟದ ಹೊತ್ತಿನಲ್ಲಿ ಮಗಳು "ನಾನು ಅರ್ತ್ ಸೈನ್ಸ್ ಓದ್ತೀನಮ್ಮ" ಎಂದರೆ ನಮ್ಮಲ್ಲಿ ಅನೇಕರು ಒಂದು ಕ್ಷಣ ಸುಮ್ಮನಾಗುತ್ತೇವೆ. ಮೆಡಿಸಿನ್ ಗೊತ್ತು, ಕಂಪ್ಯೂಟರ್ ಗೊತ್ತು. ಕಲ್ಲು ಮಣ್ಣು ಓದಿ ಏನು ಮಾಡುತ್ತಾರೆ? ಉತ್ತರ ಹೇಳುವ ಮುನ್ನ ಒಮ್ಮೆ ಮಕ್ಕಳೊಂದಿಗೆ ಪಶ್ಚಿಮ ಆಕ್ಲೆಂಡಿನ ನ್ಯೂ ಲಿನ್ ಸುತ್ತಿ ಬನ್ನಿ.

ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದ ಆಂಬ್ರಿಕೊ ಪ್ಲೇಸ್‌ನಲ್ಲಿ ಹಳೆಯ ಇಟ್ಟಿಗೆ ಗೂಡೊಂದಿದೆ. ಪಕ್ಕದಲ್ಲೇ ‘ತೆ ತೋಯಿ ಉಕು’ ಎಂಬ ಪುಟ್ಟ ಮ್ಯೂಸಿಯಂ; ತೆರೆದಿರುವ ದಿನ ನೋಡಿಕೊಂಡು ಹೋಗಿ. 1989ರಲ್ಲಿ ಮುಚ್ಚಿದ ಕ್ರೌನ್ ಲಿನ್ ಕಾರ್ಖಾನೆಯ ಕಪ್ಪು ಬಸಿಗಳು ಅಲ್ಲಿವೆ. ಇಟ್ಟಿಗೆ, ಕೊಳವೆ, ಪಾತ್ರೆ ಎಲ್ಲವೂ ಈ ಊರಿಗೆ ಬಂದದ್ದು ಇಲ್ಲಿನ ಜೇಡಿಮಣ್ಣಿನಿಂದ. ಮಂಗಳೂರಿನವರಿಗೆ ಇದು ಹೊಸ ಕಥೆಯಲ್ಲ. ನೇತ್ರಾವತಿ, ಗುರುಪುರ ಹೊಳೆಗಳ ದಡದ ಮಣ್ಣನ್ನು ನಂಬಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಿತ್ತು.

ಅಲ್ಲಿಂದ ವಾವು ಹೊಳೆಯ ಕಡೆ ನಡೆಯಿರಿ. ಮಾವೊರಿ ಜನ ಎರಡು ಬಂದರುಗಳ ನಡುವೆ ದೋಣಿಗಳನ್ನು ನೆಲದ ಮೇಲೆ ಎಳೆದೊಯ್ಯುತ್ತಿದ್ದ ದಾರಿ ಇದೇ. ಪೋರ್ಟೇಜ್ ರೋಡ್ ಎಂಬ ಹೆಸರು ಉಳಿದಿರುವುದು ಅದರಿಂದಲೇ.

ಬಂಡೆ ಬಹುಕಾಲ ಮಳೆಗೆ ಸಿಕ್ಕಿ ಶಿಥಿಲವಾದರೆ ಜೇಡಿಯಾಗುತ್ತದೆ. ಅದರ ಕಣ ಬಹಳ ಸಣ್ಣದು. ನೀರು ಬೇಗ ಇಳಿಯುವುದಿಲ್ಲ. ಕುಂಬಾರನಿಗೆ ಒಳ್ಳೆಯದಾದ ಮಣ್ಣು ಮನೆ ಕಟ್ಟುವವನಿಗೆ ತಲೆನೋವು: ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಇಳಿಜಾರಿನಲ್ಲಿ ಜಾರುತ್ತದೆ. 2023ರ ಜನವರಿ 27ರಂದು ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಒಂದೇ ದಿನ ಸುಮಾರು 245 ಮಿ.ಮೀ. ಮಳೆ ಸುರಿಯಿತು. ಆ ಮಳೆಯ ಅನಾಹುತದಲ್ಲಿ ನಾಲ್ವರು ತೀರಿಕೊಂಡರು. ಆಮೇಲೆ ಯಾವ ಮನೆಯಲ್ಲಿ ವಾಸಿಸಬಹುದು, ಯಾವುದನ್ನು ಕೌನ್ಸಿಲ್ ಕೊಂಡು ಕೆಡವಬೇಕು ಎಂದು ತೀರ್ಮಾನಿಸಲು ಮಣ್ಣು, ನೀರು, ಇಳಿಜಾರು ಬಲ್ಲವರೇ ಬೇಕಾಯಿತು. ನೀವು ಮನೆ ಕೊಳ್ಳುವಾಗ ಓದುವ ಲಿಮ್ ವರದಿಯಲ್ಲಿನ ಪ್ರವಾಹದ ಮಾಹಿತಿಯ ಹಿಂದೆಯೂ ಇಂಥವರ ಕೆಲಸವಿದೆ.

ಈ ಓದಿಗೆ ದೂರ ಹೋಗಬೇಕಿಲ್ಲ. ನ್ಯೂ ಲಿನ್‌ನಿಂದ ರೈಲಿನಲ್ಲೇ ಹೋಗಿ ಬರುವಷ್ಟು ದೂರದಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯವಿದೆ. ಭೂವಿಜ್ಞಾನ, ಪರಿಸರ ವಿಜ್ಞಾನ ಎರಡನ್ನೂ ಕಲಿಸುತ್ತದೆ. ಬಿಎಸ್ಸಿ ಮೂರು ವರ್ಷ. ಶಾಲೆಯಲ್ಲಿ ಗಣಿತ, ಕೆಮಿಸ್ಟ್ರಿ, ಫಿಸಿಕ್ಸ್ ಬಿಡದಂತೆ ನೋಡಿಕೊಳ್ಳಿ. ಭೂಗೋಳ ಜೊತೆಗಿದ್ದರೆ ಇನ್ನೂ ಚೆನ್ನ. ಬಯಲಿನ ಕೆಲಸವೂ ಓದಿನ ಭಾಗ. ಹಾಗಾಗಿ ಗಟ್ಟಿ ಬೂಟು, ಮಳೆ ಕೋಟು ಕೊಡಿಸಲೇಬೇಕು.

ಡಾಕ್ಟರ ಸಂಬಳ ಮೊದಲ ದಿನವೇ ಬರುತ್ತದೆ ಎಂದು ನಾನು ಹೇಳಲಾರೆ. ಆದರೆ ಭೂಕಂಪ, ಜ್ವಾಲಾಮುಖಿ, ಮಳೆ ಮೂರೂ ಇರುವ ಈ ದೇಶದಲ್ಲಿ ನೆಲವನ್ನು ಓದಬಲ್ಲವರಿಗೆ ಕೆಲಸವಿದೆ. ಮಗು ಕೇಳಿದಾಗ "ಅದರಿಂದೇನು ಸಿಗುತ್ತೆ?" ಎನ್ನುವ ಬದಲು "ನಮ್ಮ ಮನೆಯ ಕೆಳಗೆ ಯಾವ ಮಣ್ಣಿದೆ, ಹೇಳು ನೋಡೋಣ" ಎನ್ನಿ. ಅದು ಹುಡುಕಲು ಹೊರಟರೆ, ಆಸಕ್ತಿ ನಿಜವೆಂದು ನಿಮಗೇ ತಿಳಿಯುತ್ತದೆ.